ಹೊಸ್ತಿಲಿನಾಚೆಯ ಅಳತೆ

ಟೆಕ್ಸಾಸ್‌ನ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಗೆ ಅಂಟಿಕೊಂಡಿರುವ ಹಿಡಾಲ್ಗೊ ಕೌಂಟಿಯಲ್ಲಿ ನಾನು ಮನೆಮನೆಗೆ ಹೋಗಿ ಚಿಕಿತ್ಸೆ ನೀಡುವ ಫಿಸಿಯೋಥೆರಪಿಸ್ಟ್. ನನ್ನ ರೋಗಿಗಳಲ್ಲಿ ಹೆಚ್ಚಿನವರು ವಾಸಿಸುವುದು ಕಲೋನಿಯಾಗಳಲ್ಲಿ. 1950ರ ದಶಕದಿಂದೀಚೆಗೆ ಭೂವ್ಯಾಪಾರಿಗಳು ಬೇಸಾಯಕ್ಕೆ ಒದಗದ ಜಮೀನನ್ನು ತುಂಡು ಮಾಡಿ, ನೀರು, ಚರಂಡಿ, ರಸ್ತೆ ಯಾವುದನ್ನೂ ಒದಗಿಸದೆ, ಕೊನೆಯ ಕಂತು ತೀರುವವರೆಗೆ ಹಕ್ಕುಪತ್ರವನ್ನೂ ಕೊಡದೆ ಬಡ ಕೂಲಿಕಾರರಿಗೆ ಮಾರಿದ್ದರಿಂದ ಹುಟ್ಟಿಕೊಂಡ ಬಡಾವಣೆಗಳಿವು. ಟೆಕ್ಸಾಸ್‌ನಲ್ಲಿ ಇಂಥವು 2,000ಕ್ಕೂ ಹೆಚ್ಚಿವೆ.

ನಾಲ್ಕು ವರ್ಷಗಳ ಹಿಂದೆ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ವೃದ್ಧೆಯೊಬ್ಬರಿಗೆ ಗಾಲಿಕುರ್ಚಿ ಕೊಡಿಸಿದೆ. ಮುಖ್ಯವಾಗಿ ವೃದ್ಧರಿಗಾಗಿ ಅಮೆರಿಕ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯು ಮನೆಯೊಳಗಿನ ಅಗತ್ಯವನ್ನಷ್ಟೇ ನೋಡಿ ಕುರ್ಚಿಗೆ ಹಣ ಕೊಡುತ್ತದೆಯಾದ್ದರಿಂದ ಅಡುಗೆಮನೆ, ಬಚ್ಚಲು, ಬಾಗಿಲುಗಳ ಅಗಲವನ್ನು ಶ್ರದ್ಧೆಯಿಂದ ಅಳೆದು ವರದಿ ಬರೆದೆ. ಎರಡು ತಿಂಗಳ ನಂತರ ಹೋದಾಗ ಕುರ್ಚಿಯ ಮೇಲೆ ಒಗೆದ ಬಟ್ಟೆಗಳನ್ನು ಮಡಚಿ ಪೇರಿಸಿದ್ದರು. ‘ರೋಗಿ ಸಹಕರಿಸುತ್ತಿಲ್ಲ’ ಎಂದು ಬರೆದು ಬಂದೆ. ಆ ಸಾಲು ಈಗಲೂ ನನ್ನನ್ನು ಚುಚ್ಚುತ್ತದೆ.

ವೃದ್ಧೆಯ ಮಗಳು ಆ ವರದಿಯನ್ನು ತಮ್ಮ ಬೀದಿಯಲ್ಲಿ ಸಭೆ ನಡೆಸುತ್ತಿದ್ದ ಚಿಕಾನಾ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್, ವಿದ್ವಾಂಸೆಯೊಬ್ಬರಿಗೆ ತೋರಿಸಿದರು. ಹೊಲಗೆಲಸಕ್ಕೆ ಊರೂರು ಅಲೆಯುವ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಿಂದಲೂ ಗಾಲಿಕುರ್ಚಿ ಬಳಸುತ್ತಿರುವವರು ಅವರು. ಇದೇ ಕೌಂಟಿಯ ಹಾರ್ಗಿಲ್‌ನಲ್ಲಿ ಬೆಳೆದು, ಮಧುಮೇಹದ ತೊಡಕುಗಳಿಂದ 2004ರಲ್ಲಿ ತೀರಿಕೊಂಡ ಲೇಖಕಿ ಗ್ಲೋರಿಯಾ ಅನ್ಸಾಲ್ದುವಾ ಅವರ ಕುರಿತು ಪಾಠ ಮಾಡುವಾಗ, ನೋವಿನ ದೇಹವನ್ನೂ ಗಡಿಯ ನೆಲವನ್ನೂ ಬೇರ್ಪಡಿಸದೆ ಓದಬೇಕೆಂದು ಅವರು ಹೇಳುತ್ತಾರಂತೆ. ನನಗೆ ಹೇಳಿದ್ದು ಮಾತ್ರ ಇಷ್ಟೇ: “ಮಳೆ ಬಂದ ಮರುದಿನ ಬನ್ನಿ.”

ಹೋದೆ. ಕಲೀಚೆ ಎಂಬ ಸುಣ್ಣದಂಶದ ಬಿಳಿ ಮಣ್ಣಿನ ರಸ್ತೆ ಕಲಸಿದ ಹಿಟ್ಟಿನಂತಾಗಿತ್ತು. ಆ ವಿದ್ವಾಂಸೆಯ ಕುರ್ಚಿ ಹತ್ತು ಮಾರು ಸಾಗುವುದರೊಳಗೆ ಮುಂದಿನ ಸಣ್ಣ ಚಕ್ರಗಳು ಹೂತವು. ಕವೆಯ ಸಂದಿಗೆ ಕೆಸರು ಮೆತ್ತಿಕೊಂಡು ತಿರುಗದಾದವು. ಎತ್ತಲು ಬಾಗಿದ ನನ್ನನ್ನು ತಡೆದು, ಮೊದಲು ಟೇಪು ತೆಗೆದು ಎಷ್ಟು ಆಳವೆಂದು ಅಳೆಯಲು ಹೇಳಿದರು. ಆಗ ನನಗೆ ಅರ್ಥವಾಯಿತು: ವಿಮೆಯ ನಿಯಮ ಒಳಗಿನಿಂದ ಬಂದು ಹೊಸ್ತಿಲಿನಲ್ಲಿ ನಿಲ್ಲುತ್ತದೆ, ಅಂಗವಿಕಲರ ಹಕ್ಕಿಗಾಗಿ ಬಂದ 1990ರ ಕಾಯ್ದೆ ಖಾಸಗಿ ಮನೆಗಳಿಗೆ ಅನ್ವಯಿಸದೆ ಗೇಟಿನಾಚೆಯೇ ಉಳಿಯುತ್ತದೆ, ನನ್ನ ರೋಗಿ ಆ ನಡುವಿನ ಕೆಸರಿನಲ್ಲಿದ್ದರು. ಚರ್ಚಿಗಾಗಲಿ ನೆರೆಮನೆಗಾಗಲಿ ಹೋಗಲು ನೆರವಾಗದ ಕುರ್ಚಿಯನ್ನು ಪುಟ್ಟ ಅಡುಗೆಮನೆಯಲ್ಲಿ ಸುತ್ತಿಸಿ ಅವರಿಗೇನಾಗಬೇಕಿತ್ತು?

ಮುಂದಿನ ವಾರಗಳಲ್ಲಿ ಆ ವಿದ್ವಾಂಸೆ ಬೀದಿಯ ಹೆಂಗಸರ ಕೈಗೇ ಟೇಪು ಕೊಟ್ಟರು. ಕೌಂಟಿಯ ಆಡಳಿತ ಮಂಡಳಿಯಾದ ಕಮಿಷನರ್ಸ್ ಕೋರ್ಟಿನ ಮುಂದೆ ಆ ಅಳತೆಗಳನ್ನು ಸ್ಪ್ಯಾನಿಷ್‌ನಲ್ಲಿ ಓದಿದವರೂ ಆ ಹೆಂಗಸರೇ. ವಿದ್ವಾಂಸೆ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ಹಳೆಯ ವರದಿಗೆ ತಿದ್ದುಪಡಿ ಸೇರಿಸಿದೆ, ಅಗಲವಾದ ಮುಂಚಕ್ರಗಳನ್ನು ದಾನಿಗಳಿಂದ ಹೊಂದಿಸಿದೆ. ಈಗ ಪ್ರತಿ ಭೇಟಿಯಲ್ಲೂ ಬಾಗಿಲಿನಿಂದ ಡಾಂಬರು ರಸ್ತೆಯವರೆಗಿನ ನೆಲವನ್ನು ಅಳೆಯುತ್ತೇನೆ. ಅದಕ್ಕೆ ಅರ್ಜಿಯಲ್ಲಿ ಜಾಗವಿಲ್ಲದ್ದರಿಂದ ಪ್ರತ್ಯೇಕ ಹಾಳೆ ಲಗತ್ತಿಸುತ್ತೇನೆ. ಆ ಬೀದಿಯ ಅರ್ಧಭಾಗಕ್ಕೆ ಜಲ್ಲಿ ಬಿದ್ದಿದೆ. ವೃದ್ಧೆಯ ಮನೆ ಇರುವುದು ಉಳಿದರ್ಧದಲ್ಲಿ.