ಜೀವಂತ ಬಳ್ಳಿಗೆ ಮಣ್ಣು

ಪಕ್ಕದ ಮನೆಯ ಅಜ್ಜ ಮೊಣಕಾಲೂರಿ ಕುಳಿತು ಕುಂಬಳದ ಬಳ್ಳಿಯನ್ನು ಮಣ್ಣು ಮಾಡುತ್ತಿದ್ದರು. ಒಣಗಿದ ಬಳ್ಳಿಯಲ್ಲ, ದಿನಕ್ಕೊಂದು ಗೇಣು ಮುಂದೆ ಹೋಗುತ್ತಿದ್ದ ಬಳ್ಳಿ. ಕೆನಡಾದ ನೋವಾ ಸ್ಕೋಶಿಯಾಕ್ಕೆ ಬಂದ ನಮ್ಮ ಮೊದಲ ಬೇಸಿಗೆ ಅದು. ಅಜ್ಜನಿಗೆ ತಲೆ ಕೆಟ್ಟಿರಬೇಕು ಎಂದುಕೊಂಡೆ.

ಕುಂಬಳದ ಹುಚ್ಚು ಸೀಮೆಗೇ ಹಿಡಿದಿದೆ ಎಂದು ಆಮೇಲೆ ಗೊತ್ತಾಯಿತು. ಹತ್ತಿರದ ವಿಂಡ್ಸರ್ ಪಟ್ಟಣದ ರೈತ ಹೋವರ್ಡ್ ಡಿಲ್ ವರ್ಷಗಟ್ಟಲೆ ಬೀಜ ಆರಿಸಿ ‘ಅಟ್ಲಾಂಟಿಕ್ ಜೈಂಟ್’ ತಳಿಯನ್ನು ರೂಪಿಸಿದರು. 1979ರಿಂದ ಸತತ ನಾಲ್ಕು ವರ್ಷ ವಿಶ್ವ ಸ್ಪರ್ಧೆಯನ್ನೂ ಗೆದ್ದರು. 2023ರಲ್ಲಿ ಅಮೆರಿಕದ ಬೆಳೆಗಾರರೊಬ್ಬರು ತೂಗಿಸಿದ 1,247 ಕಿಲೋದ ಕಾಯಿಯೂ ಅದೇ ಕುಲದ್ದು. ವಿಂಡ್ಸರಿನವರಂತೂ 1999ರಲ್ಲಿ ಇಂಥ ಕಾಯಿಯ ಹೊಟ್ಟೆ ಕೊರೆದು, ಒಳಗೆ ಕುಳಿತು ಹುಟ್ಟು ಹಾಕುವ ದೋಣಿ ಸ್ಪರ್ಧೆಯನ್ನೇ ಆರಂಭಿಸಿದರು.

ಇಷ್ಟು ದೊಡ್ಡ ಹೊಟ್ಟೆಗೆ ಒಂದೇ ಬುಡದ ಬೇರು ಎಲ್ಲಿ ಸಾಕಾಗಬೇಕು? ಅಜ್ಜ ಒಂದು ಎಲೆಯನ್ನು ಸರಿಸಿ ಬಳ್ಳಿಯ ಗಿಣ್ಣು ತೋರಿಸಿದರು. ಎಲೆಯ ತೊಟ್ಟು, ಹೂವು, ನುಲಿಬಳ್ಳಿ ಎಲ್ಲ ಹೊರಡುವುದು ಅಲ್ಲಿಂದಲೇ. ಅದರ ಅಡಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮೊಳಕೆ, ಬೆನ್ನ ಮೇಲೂ ಇನ್ನೊಂದು. ಎರಡೂ ಬೇರುಗಳೇ, ಮೇಲಿನದಕ್ಕೆ ಮಣ್ಣು ಸಿಗದಿದ್ದರೆ ಹಾಗೆಯೇ ಒಣಗಿಹೋಗುತ್ತದೆ. ಬಳ್ಳಿ ಹೋಗುವ ದಾರಿಯಲ್ಲಿ ಎರಡು ಬೆರಳು ಆಳದ ಸಾಲು ತೆಗೆದು, ಅದರೊಳಗೆ ಮಲಗಿಸಿ, ಮೇಲೆ ಮಣ್ಣೆಳೆಯುತ್ತಾರೆ. ಎಲೆ ಮತ್ತು ತುದಿಯ ಕುಡಿ ಹೊರಗಿರಬೇಕು. ಫಂಡಿ ಕೊಲ್ಲಿಯ ಗಾಳಿಗೆ ಬಳ್ಳಿ ಮಗುಚಿ ಬೀಳುವುದೂ ಇದರಿಂದ ತಪ್ಪುತ್ತದೆ.

ಮರುದಿನ ಬೆಳಿಗ್ಗೆಯೇ ಉತ್ಸಾಹದಿಂದ ನನ್ನ ಹಿತ್ತಿಲ ಬಳ್ಳಿಯನ್ನು ಬಗ್ಗಿಸಲು ಹೋದೆ. ಸೌತೆಕಾಯಿಯಂತೆ ಲಟ್ಟೆಂದು ಮುರಿಯಿತು. ಬೆಳಗಿನ ಹೊತ್ತು ಬಳ್ಳಿ ನೀರು ತುಂಬಿ ಬಿಗಿದಿರುತ್ತದಂತೆ. ಬಿಸಿಲಿಗೆ ಬಾಡಿದ ಮಧ್ಯಾಹ್ನ ಹೇಳಿದಂತೆ ಕೇಳುತ್ತದೆ. ಕಾಯಿ ಕಚ್ಚಿದ ಜಾಗದ ಆಚೀಚೆಯ ಗಿಣ್ಣುಗಳಿಗೆ ಮಾತ್ರ ಮಣ್ಣಿಲ್ಲ. ಕಾಯಿ ಉಬ್ಬಿದಂತೆ ಬಳ್ಳಿಯನ್ನು ಮೇಲಕ್ಕೆತ್ತುತ್ತದೆ, ಆಗ ಬೇರು ಕೆಳಗೆ ಹಿಡಿದೆಳೆದರೆ ಬಳ್ಳಿಯೇ ಹರಿಯಬಹುದು. ಅಲ್ಲಿನ ಬೇರುಗಳನ್ನು ಅಜ್ಜ ಚಾಕುವಿನಿಂದ ಕತ್ತರಿಸಿ ಹಾಕುತ್ತಾರೆ.

ಊರಿಗೆ ಫೋನ್ ಮಾಡಿ ಇದನ್ನು ದೊಡ್ಡ ಸುದ್ದಿಯಂತೆ ವರ್ಣಿಸಿದೆ. ಅಪ್ಪ ನಕ್ಕರು. “ನಮ್ಮ ಎಲೆಬಳ್ಳಿ ಇಳಿಸುವುದನ್ನು ನೀನು ನೋಡಿಯೇ ಇಲ್ಲವೇ?” ನೋಡಿದ್ದೆ. ಅಡಿಕೆ ಮರ ಹತ್ತಿದ ವೀಳ್ಯದೆಲೆ ಬಳ್ಳಿಯನ್ನು ಬಿಚ್ಚಿ ಇಳಿಸಿ, ಬುಡದಲ್ಲಿ ಸುರುಳಿ ಸುತ್ತಿ, ಗೊಬ್ಬರ ಮಣ್ಣು ಮುಚ್ಚಿ, ತುದಿಯನ್ನು ಮತ್ತೆ ಮರಕ್ಕೆ ಕಟ್ಟುತ್ತಿದ್ದುದು ನಮ್ಮ ಶಿರಸಿ ಕಡೆಯ ತೋಟದಲ್ಲೇ. ಕುಂಬಳಕ್ಕೆ ಮಾತ್ರ ನಮ್ಮಲ್ಲಿ ಈ ಉಪಚಾರವಿರಲಿಲ್ಲ. ಗೊಬ್ಬರಗುಂಡಿಯ ಪಕ್ಕ ತಾನೇ ಹುಟ್ಟಿ, ತಾನೇ ಹಬ್ಬುತ್ತಿತ್ತು.

ಅಮ್ಮನಿಗೆ ಬೇರೆಯೇ ಚಿಂತೆ. “ಅಷ್ಟು ದೊಡ್ಡ ಕಾಯಿ ಹುಳಿಗೆ ಆಗುತ್ತದೆಯೇ?” ಆಗುವುದಿಲ್ಲ, ಬರೀ ನೀರು ನೀರು. ಆದರೆ ಶಕ್ತಿಯೆಲ್ಲ ಕಾಯಿಗೇ ಹೋಗಲೆಂದು ಕವಲು ಬಳ್ಳಿಗಳು ಹತ್ತು ಹನ್ನೆರಡು ಅಡಿ ಬೆಳೆದೊಡನೆ ಅಜ್ಜ ಕುಡಿ ಚಿವುಟಿ ರಾಶಿ ಹಾಕುತ್ತಾರೆ. ಅದನ್ನು ಕೇಳಿ ತಂದು, ನಾರು ತೆಗೆದು, ತೆಂಗಿನಕಾಯಿ ಹಾಕಿ ಪಲ್ಯ ಮಾಡಿ ಒಂದು ಡಬ್ಬಿ ಅವರಿಗೂ ಕೊಟ್ಟೆ. ಅವರು ಏನೂ ಹೇಳಲಿಲ್ಲ. ಈಗ ಶನಿವಾರ ಸಂಜೆಯಾದರೆ ಬೇಲಿಯ ಮೇಲೆ ಒಂದು ಬುಟ್ಟಿ ಕುಡಿ ಇರುತ್ತದೆ, ಮೇಲೆ ತೊಳೆದಿಟ್ಟ ನನ್ನ ಡಬ್ಬಿ.