ಸಿಂಗಪುರದ ಹೋಟೆಲ್ ಕೌಂಟರಿಗೆ ಬೇಕಾದಷ್ಟು ಇಂಗ್ಲಿಷ್

ಯುಗಾದಿ ಕಳೆದ ಮೇಲೆ

ಗುರಿ ಚಿಕ್ಕದು. ಹೋಟೆಲಿನ ಕೌಂಟರಿನಲ್ಲಿ ನಿಂತು, ಯಾರ ಸಹಾಯವೂ ಇಲ್ಲದೆ, ಇಂಗ್ಲಿಷಿನಲ್ಲಿ ಮಾತಾಡಿ ರೂಮಿನ ಕೀ ತೆಗೆದುಕೊಳ್ಳಬೇಕು. ಅಷ್ಟೇ. ಪೂರ್ತಿ ಇಂಗ್ಲಿಷ್ ಕಲಿಯುವ ಆಸೆ ಸದ್ಯಕ್ಕೆ ಇಲ್ಲ.

ಅಕ್ಕನ ಮಗ ಸಿಂಗಪುರದಲ್ಲಿ ಕೆಲಸದಲ್ಲಿದ್ದಾನೆ. ಬೇರೆ ಹುಡುಗರ ಜೊತೆ ಸೇರಿ ಬಾಡಿಗೆ ಮನೆ ಮಾಡಿಕೊಂಡಿದ್ದಾನೆ. ಅಲ್ಲಿ ನಮಗೆ ಜಾಗ ಇಲ್ಲ. ಹಾಗಾಗಿ ಅಕ್ಕ ಮತ್ತು ನಾನು ಹೋಟೆಲಿನಲ್ಲಿ ಉಳಿಯುವುದು ಅಂತ ತೀರ್ಮಾನವಾಗಿದೆ. ಬುಕಿಂಗ್ ಅವನೇ ಮಾಡುತ್ತಾನೆ. ಆದರೆ ನಾವು ಇಳಿಯುವುದು ವಾರದ ನಡುವೆ. ಅವನು ಆಫೀಸ್ ಮುಗಿಸಿ ಬರುವುದು ರಾತ್ರಿ. ಅಲ್ಲಿಯವರೆಗೆ ಇಬ್ಬರು ಹೆಂಗಸರು ಲಾಬಿಯಲ್ಲಿ ಕೂತಿರಬೇಕಾ? ಬೇಡ ಅಂತ ನಾನೇ ಹೇಳಿದೆ.

ನನ್ನದು ಸಾಗರದಲ್ಲಿ ಟೈಲರಿಂಗ್ ಅಂಗಡಿ. ಓದಿದ್ದು ಕನ್ನಡ ಮೀಡಿಯಂ. ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ನಮ್ಮ ಕಾಲದಲ್ಲಿ ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ. ಈಗ ಬೋರ್ಡು, ಬಿಲ್ಲು, ವಾಟ್ಸಾಪ್ ಎಲ್ಲಾ ಓದುತ್ತೇನೆ. ಎದುರಿಗಿರುವವರು ಮಾತಾಡಿದರೆ ಮಾತ್ರ ಮೊದಲ ಎರಡು ಪದ ಸಿಗುತ್ತದೆ, ಉಳಿದದ್ದು ಕೈಗೆ ಬರುವುದಿಲ್ಲ.

ಯೂಟ್ಯೂಬಿನಲ್ಲಿ ಪಾಠಗಳು ಬೇಕಾದಷ್ಟಿವೆ. ಒಂದಷ್ಟು ನೋಡಿದೆ. ‘ಗುಡ್ ಆಫ್ಟರ್‌ನೂನ್, ಐ ವುಡ್ ಲೈಕ್ ಟು ಚೆಕ್ ಇನ್, ಐ ಹ್ಯಾವ್ ಎ ರಿಸರ್ವೇಷನ್ ಅಂಡರ್ ದಿ ನೇಮ್ ಆಫ್…’ ಇಷ್ಟುದ್ದ ಬಾಯಿಪಾಠ ಮಾಡುವುದು ನನಗೆ ಕಷ್ಟವೇನಲ್ಲ. ಆದರೆ ಆ ಕಡೆಯವರು ತಿರುಗಿ ಏನೋ ಕೇಳುತ್ತಾರಲ್ಲ, ಅದಕ್ಕೆ ಏನು ಮಾಡುವುದು? ಆ ವಿಡಿಯೋಗಳಲ್ಲಿ ರಿಸೆಪ್ಷನಿಸ್ಟ್ ಕೂಡ ಮೇಷ್ಟ್ರ ಹಾಗೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ. ನಿಜವಾಗಿ ಯಾರು ಹಾಗೆ ಮಾತಾಡುತ್ತಾರೆ?

ಮೇ, ಮದುವೆ ಸೀಸನ್

ನನ್ನ ಸೊಸೆ, ಅಂದರೆ ತಮ್ಮನ ಮಗಳು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಮೈಸೂರಿನಲ್ಲಿ ಫ್ರಂಟ್ ಆಫೀಸ್ ಕೆಲಸ ಮಾಡುತ್ತಾಳೆ. ಅವಳನ್ನೇ ಹಿಡಿದೆ. ಅವಳು ಹೇಳಿದ್ದು: ‘ಅತ್ತೆ, ನೀವು ಹೇಳಬೇಕಾದ್ದನ್ನ ಬಿಡಿ. “ಚೆಕ್-ಇನ್, ಪ್ಲೀಸ್” ಅಂತ ಪಾಸ್‌ಪೋರ್ಟ್ ಮುಂದಿಟ್ಟರೆ ಸಾಕು. ನಾವು ಕೇಳೋದನ್ನ ಕಲೀರಿ. ನಾವು ದಿನಾ ಕೇಳೋದು ಅವೇ ಅವೇ ಪ್ರಶ್ನೆ.’

ಯೋಚಿಸಿದರೆ ಸರಿ ಅನಿಸಿತು. ಕೌಂಟರಿನಲ್ಲಿ ಸುಮ್ನೆ ಹರಟೆ ನಡೆಯುವುದಿಲ್ಲ. ಬುಕಿಂಗ್ ಇದೆಯಾ, ಯಾರ ಹೆಸರಲ್ಲಿ, ಗುರುತಿನ ಚೀಟಿ ಕೊಡಿ, ಎಷ್ಟು ರಾತ್ರಿ, ಈ ಫಾರಂಗೆ ಸಹಿ ಹಾಕಿ, ಡೆಪಾಸಿಟ್‌ಗೆ ಕಾರ್ಡಾ ಕ್ಯಾಶಾ, ಎಷ್ಟು ಕೀ ಕಾರ್ಡ್ ಬೇಕು, ತಿಂಡಿ ಇಷ್ಟು ಗಂಟೆಗೆ ಇಂಥ ಕಡೆ, ಲಿಫ್ಟ್ ಆ ಕಡೆ. ಹೆಚ್ಚು ಕಡಿಮೆ ಇಷ್ಟೇ. ಮಾತು ಬೇರೆ ಬೇರೆ ಇರಬಹುದು, ವಿಷಯ ಇದನ್ನು ದಾಟುವುದಿಲ್ಲ.

ಅವಳು ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾಳೆ, ಕೆಲಸದಲ್ಲಿ ಮಾತಾಡುವ ವೇಗದಲ್ಲೇ. ಒಂದೇ ಪ್ರಶ್ನೆಯನ್ನು ಮೂರ್ನಾಲ್ಕು ಥರ ಕೇಳುತ್ತಾಳೆ. ‘ಮೇ ಐ ಹ್ಯಾವ್ ಎ ಕಾರ್ಡ್ ಫಾರ್ ಇನ್ಸಿಡೆಂಟಲ್ಸ್?’, ‘ಹೌ ವುಡ್ ಯು ಲೈಕ್ ಟು ಪೇ ದಿ ಡೆಪಾಸಿಟ್?’, ‘ವಿ ವಿಲ್ ಬಿ ಬ್ಲಾಕಿಂಗ್ ಎ ಸ್ಮಾಲ್ ಅಮೌಂಟ್.’ ಮೂರೂ ಡೆಪಾಸಿಟ್ಟೇ. ನಾನು ಮೋಟಾರ್ ಮಿಷನ್ ಓಡಿಸುತ್ತಾ ಕೇಳುತ್ತೇನೆ. ಲಾಬಿಯಲ್ಲಿ ಗದ್ದಲ ಇರುತ್ತದೆ, ಮಿಷನ್ ಸದ್ದಿನಲ್ಲಿ ಕೇಳಿಸಿದರೆ ಅಲ್ಲೂ ಕೇಳಿಸುತ್ತದೆ ಅನ್ನುವುದು ನನ್ನ ಲೆಕ್ಕ. ಬ್ಲೌಸ್ ಹೊಲಿಸಲು ಬಂದವರು ‘ಯಾರ ಜೊತೆ ಮಾತು?’ ಅನ್ನುತ್ತಾರೆ.

ಡೆಪಾಸಿಟ್ ವಿಷಯವನ್ನು ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಮೊದಲು ಅರ್ಥ ಮಾಡಿಕೊಳ್ಳಬೇಕಾಯಿತು. ರೂಮಿನ ಬಾಡಿಗೆ ಮೊದಲೇ ಕಟ್ಟಿದ್ದರೂ ಇದನ್ನು ಕೇಳುತ್ತಾರೆ. ರೂಮಲ್ಲಿ ಏನಾದರೂ ಒಡೆದರೆ, ಫ್ರಿಜ್ಜಿನ ಸಾಮಾನು ತೆಗೆದರೆ ಅಂತ. ಕ್ರೆಡಿಟ್ ಕಾರ್ಡ್ ಕೊಟ್ಟರೆ ಹಣ ಕತ್ತರಿಸುವುದಿಲ್ಲ, ತಡೆಹಿಡಿದು ಆಮೇಲೆ ಬಿಡುತ್ತಾರೆ. ಡೆಬಿಟ್ ಕಾರ್ಡಾದರೆ ನಮ್ಮ ಖಾತೆಯ ಹಣವೇ ಸಿಕ್ಕಿಕೊಂಡು, ಬಿಡುಗಡೆಗೆ ಎಷ್ಟೋ ದಿನ ಕಾಯಬೇಕಾಗಬಹುದು. ಇನ್ನೊಂದು ವಿಷಯ: 2020ರ ಆರ್‌ಬಿಐ ನಿಯಮದಂತೆ ಹೊಸ ಕಾರ್ಡುಗಳು ಹೊರದೇಶದಲ್ಲಿ ತಾನಾಗಿ ನಡೆಯುವುದಿಲ್ಲ, ಬ್ಯಾಂಕಿನ ಆ್ಯಪಿನಲ್ಲಿ ನಾವೇ ಆನ್ ಮಾಡಬೇಕು. ಇದು ಗೊತ್ತಿಲ್ಲದೆ ಹೋಗಿ ನಿಂತರೆ ಯಾವ ಇಂಗ್ಲಿಷೂ ಕಾಪಾಡುವುದಿಲ್ಲ.

ಮಳೆ ಹಿಡಿದ ಮೇಲೆ

ಹೆಸರಿನ ಪಾಠ. ಇದು ಸುಲಭ ಅಂದುಕೊಳ್ಳುತ್ತೀರಿ ಅಲ್ವಾ? ‘ಯುವರ್ ಲಾಸ್ಟ್ ನೇಮ್, ಪ್ಲೀಸ್?’

ನಮ್ಮ ಕಡೆ ಎಷ್ಟೋ ಜನರಿಗೆ ಇರುವುದು ಒಂದು ಹೆಸರು, ಅದರ ಹಿಂದೆ ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ನನ್ನ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಕೂತಿದೆ. ಅಕ್ಕನ ಪಾಸ್‌ಪೋರ್ಟಿನಲ್ಲಿ ಆ ಜಾಗವೇ ಖಾಲಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇಟ್ಟುಕೊಂಡು ಟೂರಿಸ್ಟ್ ವೀಸಾದಲ್ಲಿ ಬರುವವರನ್ನು ದುಬೈ ಕಡೆ 2022ರ ನವೆಂಬರಿನಿಂದ ಬಿಡುತ್ತಿಲ್ಲ ಅಂತ ಸುದ್ದಿ ಬಂದಾಗ ನಮ್ಮ ನೆಂಟರಲ್ಲೇ ಗಾಬರಿಯಾಗಿತ್ತು. ನಾವು ಹೋಗುವುದು ಸಿಂಗಪುರಕ್ಕೆ, ಆ ತೊಂದರೆ ಇಲ್ಲ. ಆದರೂ ಬುಕಿಂಗ್ ನನ್ನ ಹೆಸರಿನಲ್ಲೇ ಇರಲಿ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ ಅಂತ ಅಕ್ಕನ ಮಗನಿಗೆ ಹೇಳಿದೆ. ಅಂದರೆ ಅಲ್ಲಿ ನನ್ನನ್ನು ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಶಿವಮೊಗ್ಗ ದಾಟಲು ಬೇಸರ ಪಡುತ್ತಿದ್ದ ಮನುಷ್ಯ ಅವರು.

ಸ್ಪೆಲ್ಲಿಂಗ್ ಹೇಳುವುದನ್ನೂ ಅಭ್ಯಾಸ ಮಾಡುತ್ತಿದ್ದೇನೆ. ‘ಬಿ ಫಾರ್ ಬ್ಯಾಂಗಲೋರ್, ಎಂ ಫಾರ್ ಮೈಸೂರ್’ ನಮ್ಮಲ್ಲಿ ನಡೆಯುತ್ತದೆ. ಸೊಸೆ ‘ಬ್ರಾವೊ, ಮೈಕ್’ ಅಂತ ವಿಮಾನದವರ ಪಟ್ಟಿ ಕಳಿಸಿದಳು. ನಾನು ಅದನ್ನು ಕಲಿಯಲಿಲ್ಲ. ಬಾಯಲ್ಲಿ ಹೇಳಿ ಒದ್ದಾಡುವ ಬದಲು ಪಾಸ್‌ಪೋರ್ಟ್ ತೋರಿಸಿದರಾಯಿತು.

ಸಂಖ್ಯೆಗಳದ್ದು ಮಾತ್ರ ಹಠ ಹಿಡಿದು ಕಲಿಯುತ್ತಿದ್ದೇನೆ. ಫಿಫ್ಟೀನ್, ಫಿಫ್ಟಿ ನನ್ನ ಕಿವಿಗೆ ಒಂದೇ. ಥರ್ಟೀನ್, ಥರ್ಟಿ ಕೂಡ. ಡೆಪಾಸಿಟ್ ಹದಿನೈದು ಡಾಲರೋ ಐವತ್ತು ಡಾಲರೋ ಅನ್ನುವುದು ಸಣ್ಣ ವ್ಯತ್ಯಾಸವೇ? ಸೊಸೆ ಒಂದು ಉಪಾಯ ಹೇಳಿಕೊಟ್ಟಳು: ಅಂಕಿ ಬಿಡಿಸಿ ತಿರುಗಿ ಕೇಳುವುದು. ‘ಫೈವ್ ಝೀರೋ?’ ಅವರು ಹೌದು ಅನ್ನುತ್ತಾರೆ, ಇಲ್ಲ ಅಂದರೆ ತಿದ್ದುತ್ತಾರೆ. ರೂಮ್ ನಂಬರನ್ನು ಒಳ್ಳೆಯ ಹೋಟೆಲಿನಲ್ಲಿ ಜೋರಾಗಿ ಹೇಳುವುದೇ ಇಲ್ಲವಂತೆ. ಪಕ್ಕದಲ್ಲಿ ನಿಂತವರಿಗೆ ಕೇಳಿಸಬಾರದು ಅಂತ ಕೀ ಕಾರ್ಡಿನ ಕವರಿನ ಮೇಲೆ ಬರೆದು ಬೆರಳಿಟ್ಟು ತೋರಿಸುತ್ತಾರೆ.

ಆಷಾಢ, ಚೆನ್ನೈ

ಆಷಾಢದಲ್ಲಿ ಹೊಲಿಗೆ ಕಡಿಮೆ. ಲೇಸು, ಲೈನಿಂಗ್ ಬಟ್ಟೆ ತರಲು ಚೆನ್ನೈನ ಸೌಕಾರ್‌ಪೇಟೆಗೆ ಹೋದೆ. ಒಂದು ರಾತ್ರಿ ಉಳಿಯುವುದಿತ್ತು. ಇದೇ ಪರೀಕ್ಷೆ ಅಂತ ಮೊದಲೇ ನಿರ್ಧಾರ ಮಾಡಿದ್ದೆ: ಕನ್ನಡ ಇಲ್ಲ, ಅರೆಬರೆ ತಮಿಳೂ ಇಲ್ಲ.

ಕೌಂಟರಿನ ಹುಡುಗ ಆಧಾರ್ ಕೇಳಿದ. ಪಕ್ಕದಲ್ಲಿದ್ದ ಒಬ್ಬರು ಪ್ಯಾನ್ ಕಾರ್ಡ್ ಕೊಟ್ಟು ವಾದ ಮಾಡುತ್ತಿದ್ದರು. ಅದರಲ್ಲಿ ವಿಳಾಸ ಇರುವುದಿಲ್ಲ, ಹಾಗಾಗಿ ಹೋಟೆಲಿನವರು ಒಪ್ಪುವುದಿಲ್ಲ. ಆಮೇಲೆ ರಿಜಿಸ್ಟರ್. ‘ಅರೈವ್ಡ್ ಫ್ರಮ್’, ‘ಪ್ರೊಸೀಡಿಂಗ್ ಟು’, ‘ಪರ್ಪಸ್ ಆಫ್ ವಿಸಿಟ್’. ಓದಿ ತುಂಬುವುದು ಸಲೀಸು. ನನ್ನ ಬುಕಿಂಗ್ ಚೀಟಿಯಲ್ಲಿ ‘ಸಿಪಿ’ ಅಂತಿತ್ತು. ಸೊಸೆ ಮೊದಲೇ ಹೇಳಿದ್ದಳು: ಇಪಿ ಅಂದರೆ ರೂಮ್ ಮಾತ್ರ, ಸಿಪಿ ಅಂದರೆ ಬೆಳಗಿನ ತಿಂಡಿ ಸೇರಿ, ಎಂಎಪಿ ಅಂದರೆ ತಿಂಡಿ ಜೊತೆ ಒಂದು ಊಟ, ಎಪಿ ಅಂದರೆ ಮೂರು ಹೊತ್ತೂ. ಇದರಲ್ಲಿ ಇಪಿಯ ಪೂರ್ತಿ ಹೆಸರು ಯುರೋಪಿಯನ್ ಪ್ಲಾನ್. ಊಟ ಹಾಕದಿರುವುದಕ್ಕೆ ಒಂದು ಖಂಡದ ಹೆಸರು ಇಟ್ಟಿದ್ದಾರೆ ನೋಡಿ.

ನಂತರ ಆ ಹುಡುಗ ಬೇಗ ಬೇಗ ಏನೋ ಹೇಳಿದ. ನನಗೆ ‘ಅಪ್‌ಗ್ರೇಡ್’ ಒಂದೇ ಸಿಕ್ಕಿತು. ತಲೆ ತಾನಾಗಿ ಆಡಲು ಹೊರಟಿತ್ತು. ಆದರೆ ಸೊಸೆಯ ಕಟ್ಟಪ್ಪಣೆ ಒಂದಿದೆ: ಅರ್ಥ ಆಗದೆ ‘ಯೆಸ್’ ಅನ್ನಬಾರದು. ಕೌಂಟರಿನಲ್ಲಿ ಯೆಸ್ ಅಂದರೆ ಕೆಲವು ಸಲ ದುಡ್ಡು. ದೊಡ್ಡ ರೂಮ್, ತಿಂಡಿ, ಕಿಟಕಿಯ ನೋಟ ಎಲ್ಲವನ್ನೂ ಮೇಲಿನ ಬೆಲೆಗೆ ಮಾರುವುದು ಅವರ ಕೆಲಸದ ಭಾಗ, ಅದಕ್ಕೆ ತರಬೇತಿಯೂ ಇರುತ್ತದೆ. ಹಾಗಾಗಿ ಕೇಳಿದೆ: ‘ಈಸ್ ದೇರ್ ಎನಿ ಎಕ್ಸ್‌ಟ್ರಾ ಚಾರ್ಜ್?’ ಇತ್ತು. ಜಿಎಸ್‌ಟಿ ಬೇರೆ. ‘ನೋ, ಥ್ಯಾಂಕ್ಯು’ ಅಂದೆ.

ಇಷ್ಟು ದಿನ ಕಲಿತದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಆ ‘ಎಕ್ಸ್‌ಟ್ರಾ ಚಾರ್ಜ್’ ಪ್ರಶ್ನೆಯೇ. ಒಂದನ್ನೇ ಕಲಿಯಿರಿ ಅಂದರೆ ಇದನ್ನೇ ಹೇಳುತ್ತೇನೆ.

ಹೊರಡುವ ವಾರ

ಕೊನೆಯ ತಯಾರಿ. ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ಬೆಳಗಿನ ಜಾವ ಇಳಿಯುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಮ್ಮ ಹೋಟೆಲಿನ ಚೆಕ್-ಇನ್ ಮಧ್ಯಾಹ್ನ ಮೂರಕ್ಕೆ. ಅಂದರೆ ಕೌಂಟರಿಗೆ ಎರಡು ಸಲ ಹೋಗಬೇಕು, ಬೆಳಿಗ್ಗೆ ಒಮ್ಮೆ ಬ್ಯಾಗ್ ಇಡಲು, ಮಧ್ಯಾಹ್ನ ಇನ್ನೊಮ್ಮೆ. ‘ಕ್ಯಾನ್ ವಿ ಲೀವ್ ಅವರ್ ಬ್ಯಾಗ್ಸ್ ಹಿಯರ್?’ ಅನ್ನುವುದನ್ನು ಅಕ್ಕನಿಗೂ ಕಲಿಸಿದೆ. ಅವಳು ‘ಬ್ಯಾಗ್ಸ್, ಪ್ಲೀಸ್’ ಅಂತ ಮೊಟಕು ಮಾಡಿಕೊಂಡಳು. ಅದೂ ನಡೆಯುತ್ತದೆ. ಬೆಲೆಯ ಪಕ್ಕದಲ್ಲಿ ಎರಡು ಪ್ಲಸ್ ಗುರುತು ಇದ್ದರೆ 10% ಸರ್ವಿಸ್ ಚಾರ್ಜ್ ಮತ್ತು 9% ಜಿಎಸ್‌ಟಿ ಸೇರಿಲ್ಲ ಅಂತ ಅರ್ಥ. ಇದನ್ನು ಅಕ್ಕನ ಮಗ ಹೇಳಿದ.

ಸಿಂಗಪುರದಿಂದ ಬಂದ ಮೇಲೆ

ಹೋಟೆಲ್ ಲಿಟ್ಲ್ ಇಂಡಿಯಾದಲ್ಲಿ. ಸೆರಂಗೂನ್ ರಸ್ತೆಗೆ ಹತ್ತಿರ.

ಬೆಳಿಗ್ಗೆ ಕೌಂಟರಿನಲ್ಲಿ ಒಬ್ಬ ಚೀನೀ ಹುಡುಗಿ. ‘ಚೆಕ್-ಇನ್ ಅಟ್ ತ್ರೀ, ಹಾ.’ ಅರ್ಥವಾಯಿತು! ‘ಎನಿ ರೂಮ್ ರೆಡಿ ಅರ್ಲಿ?’ ಅಂದೆ. ‘ನೌ ಕೆನಾಟ್.’ ಬ್ಯಾಗಿನ ಮಾತು ಕೇಳಿದ್ದಕ್ಕೆ ‘ಕ್ಯಾನ್, ಕ್ಯಾನ್’ ಅಂದಳು. ಅಲ್ಲಿನ ಇಂಗ್ಲಿಷ್ ಹೀಗೇ ಅಂತೆ, ಹೌದು ಅನ್ನಲು ‘ಕ್ಯಾನ್’, ಇಲ್ಲ ಅನ್ನಲು ‘ಕೆನಾಟ್’. ಅಕ್ಕನಿಗೆ ಬಹಳ ಹಿಡಿಸಿತು. ಅಂದಿನಿಂದ ಮನೆಯಲ್ಲೂ ಅದೇ. ಟ್ಯಾಗ್ ಇಸಿದುಕೊಂಡು ಹೊರಗೆ ಬಂದೆವು. ವೀರಮಾಕಾಳಿಯಮ್ಮನ ಗುಡಿಗೆ ಹೋಗಿ, ಇಡ್ಲಿ ತಿಂದು, ಬಿಸಿಲಿಗೆ ಬಳಲಿ ವಾಪಸ್.

ಮಧ್ಯಾಹ್ನ ಬೇರೆಯವಳು ಇದ್ದಳು, ಮಾತು ಇನ್ನೂ ಬಿರುಸು. ಪಾಸ್‌ಪೋರ್ಟ್, ಸಹಿ, ಡೆಪಾಸಿಟ್ ಎಲ್ಲಾ ಅಭ್ಯಾಸ ಮಾಡಿದ ಹಾಗೇ ಬಂತು. ಕ್ಯಾಶ್ ಕೊಟ್ಟು ರಸೀದಿ ಪಡೆದೆ. ಆಮೇಲೆ ಪಟ್ಟಿಯಲ್ಲಿ ಇಲ್ಲದ ಒಂದು ಮಾತು: ನಾವು ಕೇಳಿದ್ದು ಟ್ವಿನ್, ಅಂದರೆ ಎರಡು ಬೇರೆ ಮಂಚ. ಅವತ್ತು ಕ್ವೀನ್ ಮಾತ್ರ ಉಳಿದಿದೆ, ಒಂದೇ ಮಂಚ. ಅವಳು ನಾಳೆ ಅಂತ ಏನೋ ಹೇಳಿದಳು. ನಾನು ತಿರುಗಿ ಕೇಳಿದೆ: ‘ಟುಮಾರೋ, ಟ್ವಿನ್?’ ಹೌದು. ‘ವಾಟ್ ಟೈಮ್?’ ಹನ್ನೆರಡರ ಮೇಲೆ. ‘ಎಕ್ಸ್‌ಟ್ರಾ ಚಾರ್ಜ್?’ ಇಲ್ಲ. ‘ಪ್ಲೀಸ್ ರೈಟ್ ಇಟ್’ ಅಂತ ಚೀಟಿ ಮುಂದಿಟ್ಟೆ. ಬರೆದುಕೊಟ್ಟಳು. ವ್ಯಾಕರಣ ಎಲ್ಲಿ ಹೋಯಿತೋ ಗೊತ್ತಿಲ್ಲ, ಕೆಲಸ ಆಯಿತು. ಮರುದಿನ ಟ್ವಿನ್ ರೂಮೂ ಸಿಕ್ಕಿತು.

ಲಿಫ್ಟಿನಲ್ಲಿ ಕೀ ಕಾರ್ಡ್ ತೋರಿಸದೆ ಬಟನ್ ಕೆಲಸ ಮಾಡುವುದಿಲ್ಲ. ನಮ್ಮ ಗ್ರೌಂಡ್ ಫ್ಲೋರ್ ಅಲ್ಲಿ ಲೆವೆಲ್ ಒನ್. ರೂಮಿನೊಳಗೂ ಅದೇ ಕಾರ್ಡನ್ನು ಗೋಡೆಯ ಗೂಡಿಗೆ ತೂರಿಸಿದರೆ ಮಾತ್ರ ಕರೆಂಟ್. ಪ್ಲಗ್ ಚಪ್ಪಟೆ ಮೂರು ಪಿನ್ನಿನದು, ನಮ್ಮ ಚಾರ್ಜರ್ ಕೂರುವುದಿಲ್ಲ. ಅಡಾಪ್ಟರ್ ಕೇಳಲು ರೂಮಿನ ಫೋನ್ ಎತ್ತಿದೆ. ಅಲ್ಲಿ ಮುಖ ಕಾಣುವುದಿಲ್ಲ, ಚೀಟಿ ಇಲ್ಲ, ಬೆರಳಿಟ್ಟು ತೋರಿಸಲು ಏನೂ ಇಲ್ಲ. ‘ಅಡಾಪ್ಟರ್, ಪ್ಲೀಸ್’ ಅಂದದ್ದಕ್ಕೆ ಆ ಕಡೆಯಿಂದ ಬಂದ ಉತ್ತರದಲ್ಲಿ ಒಂದೂ ಸಿಗಲಿಲ್ಲ. ಫೋನ್ ಇಟ್ಟು ಕೆಳಗೆ ಇಳಿದು ಇಸಿದುಕೊಂಡು ಬಂದೆ.

ಹಾಗಾಗಿ ಮುಂದಿನದು ಫೋನ್. ಸೊಸೆಗೆ ಹೇಳಿದ್ದೇನೆ, ಇನ್ನು ಮೇಲೆ ವಾಯ್ಸ್ ಮೆಸೇಜ್ ಬೇಡ, ಹೇಳದೆ ಕೇಳದೆ ಅಂಗಡಿಗೆ ಕರೆ ಮಾಡಿ ಹೌಸ್‌ಕೀಪಿಂಗ್‌ನವಳ ಹಾಗೆ ಮಾತಾಡು ಅಂತ. ಎಸಿ ತಣ್ಣಗಾಗುತ್ತಿಲ್ಲ, ಟವೆಲ್ ಬೇಕು, ಬಿಲ್ಲಿನಲ್ಲಿ ನಾವು ಕುಡಿಯದ ನೀರಿನ ಬಾಟಲಿ ಸೇರಿದೆ, ಇವು ಮೊದಲ ಪಾಠ. ದೀಪಾವಳಿ ಹೊಲಿಗೆ ಮುಗಿದ ಮೇಲೆ ಶುರು.