ಸಾಲಿನ ಕೊನೇಲಿ ಕೂತಿರೋ 13

ಟೆಕ್ಸ್ಟ್ ಫೈಲ್ ಓದೋ ಕೋಡ್ ಬರೆಯೋವಾಗ ಎನ್‌ಕೋಡಿಂಗ್ ಬಗ್ಗೆ ಎಲ್ರೂ ತಲೆ ಕೆಡಿಸ್ಕೋತಾರೆ, ಲೈನ್ ಎಂಡಿಂಗ್ (ಸಾಲು ಇಲ್ಲಿಗೆ ಮುಗೀತು ಅನ್ನೋ ಗುರುತು) ಬಗ್ಗೆ ಮಾತ್ರ ಯಾರೂ ಕ್ಯಾರೇ ಅನ್ನಲ್ಲ. ಆಮೇಲೆ ನೋಡಿ, ಎರಡು ಸ್ಟ್ರಿಂಗ್ ಪ್ರಿಂಟ್ ಮಾಡಿದ್ರೆ ಒಂದೇ ಥರ ಕಾಣತ್ತೆ, ಕಂಪೇರ್ ಮಾಡಿದ್ರೆ ಫಾಲ್ಸ್, ಲೆಂತ್ ನೋಡಿದ್ರೆ ಒಂದು ಜಾಸ್ತಿ. ಆ ಜಾಸ್ತಿ ಒಂದೇ ಸಿಆರ್ (ಕ್ಯಾರೇಜ್ ರಿಟರ್ನ್), ಕಣ್ಣಿಗೆ ಕಾಣದ ಅಕ್ಷರ, ಅಂದ್ರೆ ನಂಬರ್ 13.

ಇದು ಟೆಲಿಟೈಪ್ (ತಂತಿ ಮೂಲಕ ಬಂದ ಸಂದೇಶ ಅಚ್ಚು ಹೊಡೆಯೋ ಯಂತ್ರ) ಕಾಲದ ಉಳಿಕೆ. ಅಚ್ಚು ಹೊಡೆಯೋ ತಲೆ ಎಡಗಡೆಗೆ ವಾಪಸ್ ಹೋಗೋಕೆ ಸಿಆರ್, ಕಾಗದ ಒಂದು ಸಾಲು ಮೇಲೆ ಸರಿಯೋಕೆ ಎಲ್‌ಎಫ್ (ಲೈನ್ ಫೀಡ್, ನಂಬರ್ 10). ಯೂನಿಕ್ಸ್‌ನವರು ಬರೀ 10 ಇಟ್ಕೊಂಡ್ರು, ಡಾಸ್ ಮತ್ತೆ ವಿಂಡೋಸ್ ಎರಡನ್ನೂ, ಹಳೇ ಮ್ಯಾಕ್ 9ರ ತನಕ ಬರೀ 13. ಇತಿಹಾಸ ಇಷ್ಟು ಸಾಕು.

ಮೂರು ಥರ ಇದೆ ಅನ್ನೋದು ದೊಡ್ಡ ತಲೆನೋವಲ್ಲ, ಒಂದೇ ಫೈಲಲ್ಲಿ ಎಲ್ಲಾ ಕಲಸುಮೇಲೋಗರ ಆಗಿರತ್ತಲ್ಲ ಅದು. ಯಾರೋ ಎರಡು ಫೈಲ್ ಜೋಡಿಸಿರ್ತಾರೆ, ಇಲ್ಲಾ ಸ್ಕ್ರಿಪ್ಟ್ ಒಂದು ಕೊನೇಲಿ ನಾಲ್ಕು ಸಾಲು ಸೇರಿಸಿರತ್ತೆ. ಅದಕ್ಕೇ ಮೊದಲ್ನೇ ಸಾಲು ನೋಡಿ ಇಡೀ ಫೈಲಿನ ಜಾತಕ ಹೇಳೋ ಕೋಡನ್ನ ನಾನು ನಂಬಲ್ಲ. ಒಳಗೆ ಬರೋವಾಗ್ಲೇ ಎಲ್ಲಾನೂ ಎಲ್‌ಎಫ್ ಮಾಡ್ಬಿಡಿ, ಮುಂದಿನ ಕೋಡಿಗೆ ಈ ವಿಷಯ ಗೊತ್ತೇ ಆಗ್ಬಾರ್ದು. ಮೊದ್ಲು ಸಿಆರ್-ಎಲ್‌ಎಫ್ ಜೋಡಿನ ಎಲ್‌ಎಫ್ ಮಾಡಿ, ಆಮೇಲೆ ಒಂಟಿ ಸಿಆರ್. ಉಲ್ಟಾ ಮಾಡಿದ್ರೆ ಪ್ರತಿ ಸಾಲಿನ ಕೆಳಗೂ ಒಂದೊಂದು ಖಾಲಿ ಸಾಲು. ದೊಡ್ಡ ಫೈಲನ್ನ ತುಂಡು ತುಂಡಾಗಿ ಓದ್ತಿದ್ರೆ ಇನ್ನೊಂದು ಗುಂಡಿ ಇದೆ, ತುಂಡಿನ ಕೊನೇ ಬೈಟ್ ಸಿಆರ್ ಆಗಿ ಅದರ ಎಲ್‌ಎಫ್ ಮುಂದಿನ ತುಂಡಲ್ಲಿರಬಹುದು, ಹಾಗಾಗಿ ಆ ಸಿಆರನ್ನ ಕೈಯಲ್ಲೇ ಹಿಡ್ಕೊಂಡು ಮುಂದಿನ ಬೈಟ್ ನೋಡಿ ಆಮೇಲೆ ತೀರ್ಮಾನ ಮಾಡ್ಬೇಕು. ಟೆಸ್ಟ್ ಫೈಲ್ ಚಿಕ್ಕದಿದ್ರೆ ಈ ಬಗ್ ಸಿಗೋದೇ ಇಲ್ಲ.

"ಸ್ಟ್ರಿಪ್ ಹಾಕಿದ್ರೆ ಮುಗೀತಲ್ಲ" ಅಂತಾರೆ. ಸ್ಟ್ರಿಪ್ ಅಂದ್ರೆ ಸಾಲಿನ ತುದೀಲಿರೋ ಸ್ಪೇಸ್, ಟ್ಯಾಬ್, ಸಿಆರ್ ಎಲ್ಲಾನೂ ಕಿತ್ತು ಹಾಕೋದು. ಟ್ಯಾಬ್‌ನಿಂದ ಬೇರೆ ಮಾಡಿದ ಫೈಲಲ್ಲಿ ಕೊನೇ ಎರಡು ಕಾಲಮ್ ಖಾಲಿ ಇದ್ರೆ ಆ ಟ್ಯಾಬೂ ಸಿಆರ್ ಜೊತೆ ಹೋಯ್ತು, ಕಾಲಮ್ ಲೆಕ್ಕ ತಪ್ತು.

ಭಾಷೆಗಳೂ ಒಂದೊಂದು ಥರ. ಪೈಥಾನ್ 3 ಟೆಕ್ಸ್ಟ್ ಮೋಡಲ್ಲಿ ಮೂರನ್ನೂ ತಾನೇ ಎಲ್‌ಎಫ್ ಮಾಡತ್ತೆ, ಜಾವಾದ ಬಫರ್ಡ್ ರೀಡರ್ ಕೂಡ ಮೂರರಲ್ಲೂ ಸಾಲು ಮುರಿಯತ್ತೆ. ಗೋ ಭಾಷೆಯ ಸ್ಕ್ಯಾನರ್ ಎಲ್‌ಎಫ್ ಹಿಂದಿನ ಸಿಆರ್ ತೆಗೀತದೆ, ಆದ್ರೆ ಒಂಟಿ ಸಿಆರ್ ಅದಕ್ಕೆ ಸಾಲಿನ ಕೊನೆ ಅಲ್ವೇ ಅಲ್ಲ. ಲಿನಕ್ಸಲ್ಲಿ ಸಿ ಪ್ಲಸ್ ಪ್ಲಸ್ ಗೆಟ್‌ಲೈನ್ ಸಿಆರನ್ನ ಹಾಗೇ ಬಿಟ್ಟು ಕೊಡತ್ತೆ. ಪೈಥಾನ್‌ನ ಸ್ಪ್ಲಿಟ್‌ಲೈನ್ಸ್ ಬಗ್ಗೆ ಹುಷಾರು, ಸ್ಟ್ರಿಂಗ್ ಮೇಲೆ ಹಾಕಿದ್ರೆ ಫಾರ್ಮ್ ಫೀಡ್ (ಹೊಸ ಪುಟದ ಗುರುತು), ಯೂನಿಕೋಡ್ ಲೈನ್ ಸೆಪರೇಟರ್ ಅಂತ ಸಿಕ್ಕಿದ್ದಕ್ಕೆಲ್ಲಾ ಸಾಲು ಕತ್ತರಿಸತ್ತೆ. ಸಿಎಸ್‌ವಿ ಇದ್ರೆ ಸಾಲು ನೀವು ಕತ್ತರಿಸಲೇಬೇಡಿ, ಕೋಟ್ಸ್ ಒಳಗೂ ಹೊಸ ಸಾಲು ಇರಬಹುದು, ಪಾರ್ಸರ್ ಕೈಗೆ ಕೊಡಿ. ಪೈಥಾನಲ್ಲಿ ಆಗ ಓಪನ್ ಮಾಡೋವಾಗ ನ್ಯೂಲೈನ್‌ಗೆ ಖಾಲಿ ಸ್ಟ್ರಿಂಗ್ ಕೊಡ್ಬೇಕು.

ಬೈಟ್ ಮಟ್ಟದಲ್ಲಿ ರಿಪ್ಲೇಸ್ ಮಾಡೋರಿಗೆ ಒಂದು ಮಜಾ ವಿಷಯ. ಯುಟಿಎಫ್-8ರಲ್ಲಿ ತೊಂದ್ರೆ ಇಲ್ಲ, ಬೇರೆ ಅಕ್ಷರದ ಒಳಗೆ 10, 13 ಬೈಟ್ ಬರೋದೇ ಇಲ್ಲ. ಯುಟಿಎಫ್-16 ಬಿಗ್ ಎಂಡಿಯನ್‌ನಲ್ಲಿ (ದೊಡ್ಡ ಬೆಲೆಯ ಬೈಟ್ ಮೊದ್ಲು ಬರೋ ಕ್ರಮ) ಮಲಯಾಳಂ ಲಿಪಿಯ 'ಊ' ಸ್ವರಾಕ್ಷರದ ಎರಡು ಬೈಟ್ ಇದೆಯಲ್ಲ, ಅದು ಸರಿಯಾಗಿ 13, 10! ಮೊದ್ಲು ಡಿಕೋಡ್ ಮಾಡಿ, ಆಮೇಲೆ ಸಾಲಿನ ಮಾತು.

ವಾಪಸ್ ಬರೆಯೋವಾಗ ಮಾತ್ರ ಮೂಲ ಫೈಲಲ್ಲಿ ಇದ್ದಿದ್ದನ್ನೇ ಉಳಿಸಿ, ಇಲ್ಲಾಂದ್ರೆ ಒಂದು ಪದ ತಿದ್ದಿದ್ದಕ್ಕೆ ಗಿಟ್ ಡಿಫ್ (ಕೋಡಲ್ಲಿ ಏನು ಬದಲಾಯ್ತು ಅಂತ ತೋರಿಸೋ ಪಟ್ಟಿ) ಇಡೀ ಫೈಲೇ ಬದಲಾಗಿದೆ ಅಂತ ತೋರ್ಸತ್ತೆ, ರಿವ್ಯೂ ಮಾಡೋರು ಬೈತಾರೆ.